ಮಡಿಕೇರಿಯ ಕರಾಟೆ ಕ್ಲಾಸು: ಪಂಚ್‌ಗಿಂತ ಮೊದಲು ಚಪ್ಪಲಿ ಪಾಠ

ಮಗಳನ್ನು ಇಲ್ಲಿಗೆ ಸೇರಿಸಿ ಆರು ತಿಂಗಳಾಯಿತು. ಮೊದಲ ವಾರ ಒಂದು ಪಂಚ್ ಕೂಡ ಹೇಳಿಕೊಡಲಿಲ್ಲ, ಫೀಸು ಸುಮ್ನೆ ಹೋಯ್ತು ಅಂದುಕೊಂಡಿದ್ದೆ. ಚಪ್ಪಲಿ ಹೊರಗೆ ಸಾಲಾಗಿ ಬಿಡಬೇಕು, ದೋಜೋ (ಅಭ್ಯಾಸದ ಕೋಣೆ) ಒಳಗೆ ಕಾಲಿಡುವಾಗ ತಲೆಬಾಗಬೇಕು, ಉಗುರು ಕತ್ತರಿಸಿರಬೇಕು, ಬಳೆ ಸರ ಬೇಡ, ತಡವಾಗಿ ಬಂದರೆ ನೇರ ನುಗ್ಗದೆ ಬಾಗಿಲ ಬಳಿ ಮಂಡಿಯೂರಿ ಕೂತು ಸೆನ್ಸೈ (ಗುರು) ಕರೆಯುವ ತನಕ ಕಾಯಬೇಕು. ಬರೀ ಇದೇ ಪಾಠ! ಬೆಲ್ಟ್ ಸಡಿಲವಾದರೆ ಬೇರೆ ಕಡೆ ತಿರುಗಿ ಕಟ್ಟಿಕೊಳ್ಳಬೇಕಂತೆ.

ಮೊನ್ನೆ ಕುಮಿಟೆ (ಇಬ್ಬರು ಎದುರುಬದುರು ಆಡುವ ಕಾಳಗ) ಅಭ್ಯಾಸದಲ್ಲಿ ಇವಳ ಕೈ ಎದುರಿನ ಹುಡುಗನ ಮೂಗಿಗೆ ತಾಗಿತು. ಯಾರೂ ಹೇಳದೆಯೇ ಇವಳು ನಿಂತಳು, ಕ್ಷಮೆ ಕೇಳಿದಳು, ಬಾಗಿದಳು. ಅವನೂ ಮೂಗು ಒರೆಸಿಕೊಂಡು ಬಾಗಿದ. ಮನೆಯಲ್ಲಿ ತಮ್ಮನ ಜೊತೆ ಮಾತ್ರ ಈ ಮರ್ಯಾದೆ ಇಲ್ಲ, ಬಿಡಿ.

ಒಂದೇ ತಕರಾರು. ಗಿ (ಕರಾಟೆ ಉಡುಪು) ಬೆಳ್ಳಗೆ, ಮಡಿಯಾಗಿ ಇರಲೇಬೇಕು ಅಂತಾರೆ. ಜುಲೈ ಮಳೆಯಲ್ಲಿ ಕೊಡಗಿನಲ್ಲಿ ಬಟ್ಟೆ ಒಣಗುತ್ತಾ? ಒಲೆ ಮೇಲೆ ಹರವಿ ಒಣಗಿಸಿದ್ದಕ್ಕೆ ಕ್ಲಾಸಿಡೀ ಹೊಗೆ ವಾಸನೆ. ಇನ್ನೊಂದು ಜೊತೆ ಕೊಳ್ಳದೆ ವಿಧಿಯಿಲ್ಲ. ಹಿಂದಿನ ಬೆಂಚಿನಲ್ಲಿ ಜೋರಾಗಿ ಫೋನಲ್ಲಿ ಮಾತಾಡುವ ನಮ್ಮಂಥ ಪೋಷಕರಿಗೂ ಒಂದು ವಾರ ಪಾಠ ಮಾಡಿದರೆ ಐದಕ್ಕೆ ಐದು. ಸದ್ಯಕ್ಕೆ ನಾಲ್ಕು.