ರಾತ್ರಿ ಮೋಡೆಮ್ ಆಫ್ ಮಾಡಬೇಕಾ? ಮೂರು ಥರ ಮಾಡಿ ನೋಡಿದೆ

"ಗ್ಯಾಸ್ ಆಫ್ ಮಾಡಿದ್ಯಾ? ಇಂಟರ್ನೆಟ್ ಡಬ್ಬಿ ಆಫ್ ಮಾಡಿದ್ಯಾ?" ಮಲಗೋ ಮುಂಚೆ ಅಮ್ಮ ದಿನಾ ಕೇಳುತ್ತಾರೆ. ಡಬ್ಬಿ ಆನ್ ಇದ್ದರೆ ನೆಟ್ ಮೂಲಕ ಕಳ್ಳರು ಒಳಗೆ ಬರುತ್ತಾರಂತೆ. ನೋಡೇ ಬಿಡೋಣ ಅಂತ ಒಂದೊಂದು ತಿಂಗಳು ಒಂದೊಂದು ಥರ ಇಟ್ಟೆ. ನಮ್ಮದು ಫೈಬರ್, ಮೋಡೆಮ್ಮೂ ವೈಫೈಯೂ ಒಂದೇ ಡಬ್ಬಿ.

ಮೊದಲ ತಿಂಗಳು ಅಮ್ಮನ ಮಾತು. ರಾತ್ರಿ 11ಕ್ಕೆ ಆಫ್, ಬೆಳಿಗ್ಗೆ 6ಕ್ಕೆ ಆನ್. ಆ ಏಳು ಗಂಟೆ ಯಾರೂ ನುಗ್ಗೋಕೆ ಆಗಲ್ಲ, ನಿಜ. ಆದರೆ ಗೇಟಿನ ಕ್ಯಾಮೆರಾನೂ ಕುರುಡಾಯಿತು. ಡಬ್ಬಿಗೇ ಸಿಕ್ಕಿಸಿದ್ದ ಲ್ಯಾಂಡ್‌ಲೈನ್ ಸತ್ತುಹೋಯಿತು. ಊರಿಂದ ಚಿಕ್ಕಪ್ಪ ಫೋನ್ ಮಾಡಿ ಮಾಡಿ ಸಾಕಾಗಿ, ಮರುದಿನ ಬೈದಿದ್ದು ಅಮ್ಮನಿಗೇ! ಕರೆಂಟ್ ಉಳಿಯಿತಾ? ಮೀಟರ್ ಹಾಕಿ ನೋಡಿದರೆ ಡಬ್ಬಿ ಎಳೆಯೋದು 9 ವ್ಯಾಟ್. ಉಳಿದಿದ್ದು ತಿಂಗಳಿಗೆ ಎರಡು ಯೂನಿಟ್ ಕೂಡ ಇಲ್ಲ.

ಎರಡನೇ ತಿಂಗಳು ರಾತ್ರಿ ವೈಫೈ ಮಾತ್ರ ತಾನಾಗೇ ಆಫ್ ಆಗೋ ಹಾಗೆ ಟೈಮ್ ಇಟ್ಟೆ. ಲ್ಯಾಂಡ್‌ಲೈನ್ ಬದುಕಿತು. ಆದರೆ ಇದರಿಂದ ಮುಚ್ಚೋದು ಅಕ್ಕಪಕ್ಕದವರ ಬಾಗಿಲು ಅಷ್ಟೇ. ಇಂಟರ್ನೆಟ್ ಕಡೆಯ ಬಾಗಿಲು ಹಾಗೇ ತೆರೆದಿರುತ್ತದೆ. ನನಗಂತೂ ಇದು ಸುಮ್ನೆ ಸಮಾಧಾನ.

ಮೂರನೇ ತಿಂಗಳು ಹಗಲು ರಾತ್ರಿ ಆನ್, ಆದರೆ ಸೆಟ್ಟಿಂಗ್ ಸರಿಮಾಡಿ. ಬ್ರೌಸರ್‌ನಲ್ಲಿ 192.168.1.1 ಅಂತ ಡಬ್ಬಿಯ ಸೆಟ್ಟಿಂಗ್ ಪುಟದ ವಿಳಾಸ ಹೊಡೆದೆ. ಹೆಸರು ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್. ಎದೆ ಧಸಕ್ಕೆಂದಿತು. 2016ರಲ್ಲಿ ಮಿರಾಯ್ ಅನ್ನೋ ವೈರಸ್ ಕ್ಯಾಮೆರಾ, ರೌಟರ್‌ಗಳಿಗೆ ನುಗ್ಗಿದ್ದು ಕಂಪನಿಯೇ ಇಟ್ಟ ಇಂಥ ಪಾಸ್‌ವರ್ಡ್‌ಗಳಿಂದಲೇ. ಡಬ್ಬಿ ಆರಿಸಿ ಹಚ್ಚಿದರೆ ಆ ವೈರಸ್ ಅಳಿಸಿಹೋಗುತ್ತಿತ್ತು. ಪಾಸ್‌ವರ್ಡ್ ಬದಲಾಯಿಸದಿದ್ದರೆ ಮತ್ತೆ ಒಳಗೆ! ಅಂದಮೇಲೆ ರಾತ್ರಿ ಸ್ವಿಚ್ ಒತ್ತಿ ಏನು ಬಂತು, ಅಲ್ವಾ?

ಸೆಟ್ಟಿಂಗ್ ಪುಟದ್ದು, ವೈಫೈದು, ಎರಡೂ ಪಾಸ್‌ವರ್ಡ್ ಬದಲಾಯಿಸಿದೆ. ವೈಫೈ ಪಾಸ್‌ವರ್ಡ್ ಹೊಡೆಯದೇ ಗುಂಡಿ ಒತ್ತಿಯೋ ಪಿನ್ ಹಾಕಿಯೋ ಸೇರಿಕೊಳ್ಳೋ ಡಬ್ಲ್ಯೂಪಿಎಸ್ ಆಫ್ ಮಾಡಿದೆ, ಅದರ ಎಂಟಂಕಿ ಪಿನ್ ಊಹಿಸೋದು ಸುಲಭ. ಹೊರಗಿಂದ ಡಬ್ಬಿ ತೆರೆಯೋ ರಿಮೋಟ್ ಮ್ಯಾನೇಜ್‌ಮೆಂಟೂ ಆಫ್. ಫರ್ಮ್‌ವೇರ್, ಅಂದರೆ ಡಬ್ಬಿಯೊಳಗಿನ ಸಾಫ್ಟ್‌ವೇರ್, ಅಪ್‌ಡೇಟ್ ಹಾಕಿ, ಕ್ಯಾಮೆರಾನ ಮನೆಯ ಫೋನು ಕಂಪ್ಯೂಟರ್‌ಗಳಿಂದ ಬೇರೆ ಇರೋ ಗೆಸ್ಟ್ ವೈಫೈಗೆ ತಳ್ಳಿದೆ. ಪಾಸ್‌ವರ್ಡ್ ಬದಲಾಗಿದ್ದೇ ತಡ, ಮೇಲಿನ ಮನೆಯವರು ಇಳಿದು ಬಂದರು. "ನಮ್ಮ ಟಿವಿಗೆ ನೆಟ್ ಬರ್ತಿಲ್ಲ ರೀ." ಎರಡು ವರ್ಷದ ಹಿಂದೆ ಕ್ರಿಕೆಟ್ ಮ್ಯಾಚ್ ನೋಡೋಕೆ ಅಂತ ನಾನೇ ಪಾಸ್‌ವರ್ಡ್ ಕೊಟ್ಟಿದ್ದೆ!

ಈಗ ನಮ್ಮ ಡಬ್ಬಿ ರಾತ್ರಿಯೆಲ್ಲ ಮಿಣಮಿಣ ಅನ್ನುತ್ತಿರುತ್ತದೆ. ಗುಡುಗು ಶುರುವಾದರೆ ಮಾತ್ರ ಅಮ್ಮ ಹೇಳೋ ಮೊದಲೇ ಓಡಿಹೋಗಿ ಪ್ಲಗ್ ಕೀಳುತ್ತೇನೆ. ಫೈಬರ್ ಗಾಜಿನ ಎಳೆ, ಅದರಲ್ಲಿ ಸಿಡಿಲಿನ ಕರೆಂಟ್ ಹರಿಯಲ್ಲ. ಅಡಾಪ್ಟರ್ ವೈರಿನಲ್ಲಿ ಹರಿಯುತ್ತದೆ.