ಮೇ ತಿಂಗಳ ಹಿಮಕ್ಕೆ ಪುಣೆಯ ಬಾಡಿಗೆ ಕಿಟ್: ಯಾವುದನ್ನು ಪಡೆಯಬೇಕು, ಯಾವುದನ್ನು ಬಿಡಬೇಕು

ಪುಣೆಯ ಹಳೆಯ ಪೇಟೆಗಳಲ್ಲಿ ಚಾರಣದ ಸಾಮಗ್ರಿಯನ್ನು ಬಾಡಿಗೆಗೆ ಕೊಡುವ ಕೆಲವು ಸಣ್ಣ ಅಂಗಡಿಗಳಿವೆ. ಅವುಗಳಲ್ಲೊಂದರಿಂದ ಪಡೆದ ಕಿಟ್ಟನ್ನು ಹಿಮಾಚಲದ ಪಾರ್ವತಿ ಕಣಿವೆಯಲ್ಲಿ, ಕಸೋಲ್‌ನಿಂದ ಸರ್ ಪಾಸ್ ಎಂಬ ಎತ್ತರದ ಬೆಟ್ಟದಾರಿಯನ್ನು ದಾಟುವ ಹಾದಿಯಲ್ಲಿ, ಮೇ ತಿಂಗಳ ಹಿಮದ ಮೇಲೆ ಬಳಸಿ ನೋಡಿದ ಬಳಿಕ ಇದನ್ನು ಬರೆಯುತ್ತಿದ್ದೇನೆ. ತೀರ್ಪನ್ನು ಮೊದಲೇ ಹೇಳಿಬಿಡುವುದಾದರೆ, ಅಂಗಡಿಯವರು ಪ್ರಾಮಾಣಿಕರು, ಸಾಮಗ್ರಿಯಲ್ಲಿ ಬಹುಪಾಲು ಒಳ್ಳೆಯದೇ. ಆದರೆ ಅವರು ಕಟ್ಟಿಕೊಡುವ ಕಿಟ್ ಉತ್ತರಾಖಂಡದ ಕೇದಾರಕಂಠ ಶಿಖರದ ಜನವರಿ ಚಾರಣಕ್ಕೆ ಹೊಂದುವಂಥದ್ದು. ಮೇ ತಿಂಗಳಿಗೆ ಅದನ್ನೇ ಹೊತ್ತೊಯ್ದರೆ ಬೇಡದ ತೂಕಕ್ಕೆ ಬಾಡಿಗೆ ತೆತ್ತು, ಬೇಕಾದದ್ದಿಲ್ಲದೆ ನಡೆಯಬೇಕಾಗುತ್ತದೆ.

ಮಾಲೀಕರು ಅಕ್ಕಲಕೋಟೆ ಕಡೆಯವರಾದ್ದರಿಂದ ಕನ್ನಡದಲ್ಲಿಯೇ ವ್ಯವಹರಿಸುತ್ತಾರೆ. "ಮೇ ತಿಂಗಳಾಗ ಬರ್ಫ ಎಲ್ಲಿ ಉಳಿದಿರ್ತೈತ್ರಿ ಸರ, ಎಲ್ಲಾ ನೀರ ಆಗಿರ್ತೈತಿ" ಎಂಬುದು ಅವರ ಅಭಿಪ್ರಾಯ. ಆದರೆ ಸುಮಾರು 4,200 ಮೀಟರ್ ಎತ್ತರದ ಸರ್ ಪಾಸ್‌ನಲ್ಲಿ ಆ ತಿಂಗಳಲ್ಲಿಯೂ ಹಿಮ ಧಾರಾಳವಾಗಿರುತ್ತದೆ. ಬದಲಾಗಿರುವುದು ಅದರ ಗುಣ. ಹಗಲಿನ ಬಿಸಿಲಿಗೆ ಮೇಲ್ಪದರ ಕರಗಿ ನೀರು ಕೆಳಗಿಳಿಯುತ್ತದೆ, ಆಕಾಶ ತಿಳಿಯಾಗಿರುವ ರಾತ್ರಿಯಲ್ಲಿ ಅದು ಮತ್ತೆ ಗಟ್ಟಿಗಟ್ಟುತ್ತದೆ, ಹೀಗೆ ದಿನದಿನವೂ ಕರಗಿ ಹೆಪ್ಪುಗಟ್ಟುತ್ತ ಹೋಗಿ ಹಿಮದ ಕಣಗಳು ಕಲ್ಲುಪ್ಪಿನ ಹರಳಿನಂತೆ ದಪ್ಪಗಾಗುತ್ತವೆ. ಆದ್ದರಿಂದ ಬೆಳಗಿನ ಜಾವ ಕಾಲಿಟ್ಟರೆ ಜಾರುವ ಗಟ್ಟಿ ಹಲಗೆ, ಮಧ್ಯಾಹ್ನ ಮೊಣಕಾಲಿನವರೆಗೂ ಹುಗಿಯುವ ಕೆಸರು, ಎರಡೂ ಒಂದೇ ಇಳಿಜಾರಿನಲ್ಲಿ ಕೆಲವೇ ಗಂಟೆಗಳ ಅಂತರದಲ್ಲಿ ಎದುರಾಗುತ್ತವೆ. ರಾತ್ರಿ ಮೋಡ ಮುಸುಕಿದ್ದರೆ ನೆಲದ ಶಾಖ ಹೊರಹೋಗದೆ ಹಿಮ ಗಟ್ಟಿಯಾಗುವುದೇ ಇಲ್ಲ, ಬೆಳಗಿನಿಂದಲೇ ಕಾಲು ಹುಗಿಯತೊಡಗುತ್ತದೆ. ಕಪ್ಪು ಬಂಡೆಗಳ ಸುತ್ತ ಮತ್ತು ತೊರೆಗಳ ಮೇಲೆ ಹಿಮ ಒಳಗೊಳಗೇ ಟೊಳ್ಳಾಗಿರುತ್ತದೆ. ಒದ್ದೆ ಹಿಮ ಕುಸಿಯುವ ಅಪಾಯವೂ ಹೊತ್ತು ಏರಿದಂತೆ ಹೆಚ್ಚುತ್ತದೆ. ಕತ್ತಲಿರುವಾಗಲೇ ಹೊರಟು ಮಧ್ಯಾಹ್ನಕ್ಕೆ ಮುಂಚೆ ಪಾಸ್‌ನ ನೆತ್ತಿಯನ್ನು ದಾಟಿಬಿಡುವ ಪದ್ಧತಿಗೆ ಕಾರಣ ಇದೇ. ಸಾಮಗ್ರಿಯನ್ನೂ ಈ ಗಡಿಯಾರಕ್ಕೆ ತಕ್ಕಂತೆ ಆರಿಸಬೇಕೇ ಹೊರತು ಚಳಿಯ ಭಯಕ್ಕೆ ತಕ್ಕಂತಲ್ಲ.

ಕಿಟ್ಟಿನಲ್ಲಿ ಅತಿ ಹೆಚ್ಚು ಬಾಡಿಗೆ ಇರುವುದು ದಪ್ಪ ಪುಕ್ಕದ ಜಾಕೆಟ್ಟಿಗೆ, ಮತ್ತು ಮೇ ತಿಂಗಳಲ್ಲಿ ಅತಿ ಕಡಿಮೆ ಉಪಯೋಗಕ್ಕೆ ಬರುವುದೂ ಅದೇ. ನಡೆಯುವಾಗ ಅದನ್ನು ತೊಡಲಾಗದು, ಒದ್ದೆಯಾದರೆ ಪುಕ್ಕ ಮುದ್ದೆಗಟ್ಟಿ ಬೆಚ್ಚಗಿಡುವ ಗುಣವನ್ನೇ ಕಳೆದುಕೊಳ್ಳುತ್ತದೆ. ತೆಳುವಾದ ಉಣ್ಣೆಯ ಅಥವಾ ಫ್ಲೀಸ್ ಅಂಗಿ, ಅದರ ಮೇಲೊಂದು ಮಳೆ ಜಾಕೆಟ್, ಬಿಡಾರದಲ್ಲಿ ಕೂರುವುದಕ್ಕೆ ಹಗುರವಾದ ಒಂದು ಜಾಕೆಟ್ ಇದ್ದರೆ ಸಾಕು. ಮಳೆಯ ಜಾಕೆಟ್ ಪುಣೆಯವರ ಮನೆಯಲ್ಲಿ ಹೇಗೂ ಇರುತ್ತದೆ.

ಬೂಟುಗಳ ವಿಷಯದಲ್ಲಿ ಅಂಗಡಿಗೆ ಪೂರ್ಣ ಅಂಕ ಕೊಡಬಹುದು. ಸಹ್ಯಾದ್ರಿಯ ಕೋಟೆಗಳಿಗೆ ನಾವು ಹಾಕಿಕೊಳ್ಳುವ ಮೆತ್ತನೆಯ ತಳದ ಬೂಟು ಬಸಾಲ್ಟ್ ಬಂಡೆಯ ಮೇಲೆ ಚೆನ್ನಾಗಿ ಹಿಡಿಯುತ್ತದಾದರೂ, ಗಟ್ಟಿ ಹಿಮದಲ್ಲಿ ಒದ್ದು ಮೆಟ್ಟಿಲು ಮಾಡಿಕೊಳ್ಳಬೇಕಾದಾಗ ಮಣಿದುಹೋಗುತ್ತದೆ. ಇಲ್ಲಿ ಸಿಕ್ಕ ಬೂಟಿನ ತಳ ಗಡುಸಾಗಿತ್ತು, ಹಿಮ್ಮಡಿ ಸವೆದಿರಲಿಲ್ಲ, ಒಳಗಿನ ಅಟ್ಟೆಯನ್ನು ತೊಳೆದು ಒಣಗಿಸಿದ್ದರು. ಬಾಡಿಗೆ ಬೂಟನ್ನು ಹೊರಡುವ ಮುನ್ನ ದಪ್ಪ ಉಣ್ಣೆಯ ಕಾಲುಚೀಲದೊಡನೆ ತೊಟ್ಟು ಸಿಂಹಗಡವನ್ನು ಒಮ್ಮೆಯಾದರೂ ಹತ್ತಿಳಿಯುವುದು ಒಳ್ಳೆಯದು; ಇಳಿಯುವಾಗ ಹೆಬ್ಬೆರಳು ಮುಂದಕ್ಕೆ ತಾಗಿದರೆ ಅಳತೆ ಬದಲಿಸಿಕೊಡುತ್ತಾರೆ. ಹತ್ತಿಯ ಕಾಲುಚೀಲವನ್ನು ಮನೆಯಲ್ಲಿಯೇ ಬಿಡಬೇಕು.

ಬೂಟಿನ ಬಾಯನ್ನೂ ಕಾಲಿನ ಕೆಳಭಾಗವನ್ನೂ ಮುಚ್ಚುವ ಹೊದಿಕೆಗಳಾದ ಗೇಟರ್‌ಗಳನ್ನು ಕಿಟ್ಟಿನಲ್ಲಿ ಸೇರಿಸದೆ ಕೇಳಿದವರಿಗೆ ಮಾತ್ರ ಕೊಡುವುದು ನನ್ನ ಮೊದಲ ಆಕ್ಷೇಪ. ನೀರು ಒಳಹೊಗದ ಪದರವಿರುವ ಬೂಟೂ ಮೇಲಿನ ಬಾಯಿಂದ ನುಗ್ಗುವ ಹಿಮವನ್ನು ತಡೆಯಲಾರದು, ಮತ್ತು ಒಮ್ಮೆ ಒಳಗೆ ನೀರಾದರೆ ಅದೇ ಪದರ ನೀರನ್ನು ಹೊರಬಿಡದೆ ಹಿಡಿದಿಡುತ್ತದೆ. ಮೇ ತಿಂಗಳ ಮಧ್ಯಾಹ್ನದಲ್ಲಿ ಗೇಟರ್ ಇಲ್ಲದ ಬೂಟಿಗೆ ಅರ್ಥವಿಲ್ಲ. ಪಡೆಯುವಾಗ ಪಾದದ ಕೆಳಗಿನ ಪಟ್ಟಿ ಹರಿದಿಲ್ಲವೆಂಬುದನ್ನು ನೋಡಿಕೊಳ್ಳಬೇಕು.

ಎರಡನೆಯ ಆಕ್ಷೇಪ ಮೈಕ್ರೋಸ್ಪೈಕ್‌ಗಳದು. ಸುಮಾರು ಒಂದು ಸೆಂಟಿಮೀಟರ್ ಉದ್ದದ ಮೊಳೆಗಳುಳ್ಳ ಸರಪಳಿ, ಅದನ್ನು ಬೂಟಿಗೆ ಬಿಗಿಯುವ ರಬ್ಬರ್ ಚೌಕಟ್ಟು, ಇಷ್ಟೇ ಅದರ ರಚನೆ. ಅಂಗಡಿ ಕೊಟ್ಟ ಜೋಡಿಯಲ್ಲಿ ರಬ್ಬರು ಹಿಮ್ಮಡಿಯ ಬಳಿ ಬಿರುಕು ಬಿಟ್ಟಿತ್ತು. ಬದಲಿಸಿ ಕೊಟ್ಟದ್ದರಲ್ಲಿ ಸರಪಳಿಯ ಎರಡು ಕೊಂಡಿಗಳು ಬಾಯಿ ತೆರೆದಿದ್ದವು. ಚಳಿಯಲ್ಲಿ ರಬ್ಬರು ಬಿರುಸಾಗುವುದರಿಂದ ಅಂಗಡಿಯಲ್ಲಿ ಸಣ್ಣದಾಗಿ ಕಾಣುವ ಬಿರುಕು ಅಲ್ಲಿ ಪೂರ್ತಿ ಹರಿದುಹೋಗಬಹುದು. ಈ ಒಂದು ವಸ್ತುವನ್ನು ಹೊಸದಾಗಿ ಕೊಳ್ಳುವುದೇ ಸರಿ ಎಂಬುದು ನನ್ನ ನಿಲುವು. ಇದರ ಮಿತಿಯನ್ನೂ ಅಂಗಡಿಯವರು ಹೇಳುವುದಿಲ್ಲ: ಬೆಳಗಿನ ಗಟ್ಟಿ ಹಿಮದಲ್ಲಿ, ಅದೂ ಸಾಧಾರಣ ಇಳಿಜಾರಿನಲ್ಲಿ, ಇದು ಬಲು ಚೆನ್ನಾಗಿ ಕಚ್ಚುತ್ತದೆ, ಹಿಮ ಮೆತ್ತಗಾದ ಮೇಲೆ ಮೊಳೆಗಳ ನಡುವೆ ಉಂಡೆಗಟ್ಟಿ ಬರಿಯ ಬೂಟಿಗಿಂತಲೂ ಹೆಚ್ಚು ಜಾರಿಸುತ್ತದೆ. ಸರ್ ಪಾಸ್ ದಾಟಿದ ಮೇಲೆ ಕುಳಿತು ಜಾರುತ್ತ ಇಳಿಯುವ ಉದ್ದನೆಯ ಹಿಮದ ಇಳಿಜಾರಿದೆ. ಅಲ್ಲಿ ಸ್ಪೈಕ್ ತೆಗೆಯದೆ ಜಾರಿದರೆ ಮೊಳೆ ಹಿಮಕ್ಕೆ ಸಿಕ್ಕಿ ಕಾಲು ತಿರುಚಿಕೊಳ್ಳುತ್ತದೆ. ಬಾಡಿಗೆ ಪ್ಯಾಂಟು ಹರಿಯುವುದೂ ಬಹುತೇಕ ಅಲ್ಲಿಯೇ, ಮತ್ತು ಆ ಹಣ ಠೇವಣಿಯಲ್ಲಿ ಕಡಿತವಾಗುತ್ತದೆ.

ಊರಿ ನಡೆಯುವ ಕೋಲುಗಳಾದ ಪೋಲ್‌ಗಳು ಗಟ್ಟಿಮುಟ್ಟಾಗಿವೆ, ಆದರೆ ತುದಿಯಲ್ಲಿರಬೇಕಾದ ಅಗಲವಾದ ಪ್ಲಾಸ್ಟಿಕ್ ಬಿಲ್ಲೆಗಳು ಇಲ್ಲ. ಬಿಲ್ಲೆಯಿಲ್ಲದ ಪೋಲ್ ಮೆತ್ತಗಿನ ಹಿಮದಲ್ಲಿ ಹಿಡಿಯವರೆಗೂ ಇಳಿದುಹೋಗುತ್ತದೆ. ಕೇಳಿದರೆ ಒಳಗಿನ ಡಬ್ಬಿಯಿಂದ ಹುಡುಕಿ ಕೊಡುತ್ತಾರೆ. ಐಸ್ ಆಕ್ಸನ್ನು, ಅಂದರೆ ಹಿಮಗೊಡಲಿಯನ್ನು ಮಾತ್ರ ಕೇಳಿದವರಿಗೆಲ್ಲ ಕೊಡುವುದು ನನಗೆ ಒಪ್ಪಿಗೆಯಾಗಲಿಲ್ಲ. ಜಾರುವಾಗ ಅದನ್ನು ಹಿಮಕ್ಕೆ ಊರಿ ನಿಲ್ಲುವುದು ಉತ್ತರಕಾಶಿ, ಮನಾಲಿ, ಡಾರ್ಜಿಲಿಂಗ್‌ನಂಥ ಕಡೆಯ ಪರ್ವತಾರೋಹಣ ಸಂಸ್ಥೆಗಳಲ್ಲಿ ಕಲಿಯುವ ವಿದ್ಯೆ, ಕಲಿಯದವನ ಕೈಯಲ್ಲಿ ಅದು ಅವನನ್ನೇ ಇರಿಯಬಲ್ಲ ಕಬ್ಬಿಣ.

ಕಪ್ಪು ಕನ್ನಡಕ ಕಿಟ್ಟಿನಲ್ಲಿಲ್ಲ, ಇರಬೇಕಾದ ಅಗತ್ಯವೂ ಇಲ್ಲ, ಏಕೆಂದರೆ ಅದು ಸ್ವಂತದ್ದೇ ಆಗಿರಬೇಕು. ಎತ್ತರ ಪ್ರತಿ 1,000 ಮೀಟರ್ ಏರಿದಂತೆ ನೇರಳಾತೀತ ಕಿರಣಗಳ ಪ್ರಮಾಣ ಸುಮಾರು ಶೇ. 10ರಷ್ಟು ಹೆಚ್ಚುತ್ತದೆ, ಹೊಸ ಹಿಮ ಅವುಗಳಲ್ಲಿ ಶೇ. 80ರವರೆಗೆ ಹಿಂದಿರುಗಿಸಬಲ್ಲದು. ಹಳೆಯ ಹಿಮ ಅಷ್ಟು ಹಿಂದಿರುಗಿಸದಿದ್ದರೂ ಮೇ ತಿಂಗಳ ಸೂರ್ಯ ಆ ಕೊರತೆಯನ್ನು ತುಂಬಿಕೊಡುತ್ತಾನೆ. ಗಾಜು ಎಷ್ಟು ಕಪ್ಪೆಂಬುದನ್ನು ಹೇಳುವ ದರ್ಜೆಗಳಲ್ಲಿ 3ನೆಯ ಅಥವಾ 4ನೆಯ ದರ್ಜೆಯ, ಬದಿಗಳು ಮುಚ್ಚಿರುವ ಕಪ್ಪು ಕನ್ನಡಕ ಬೇಕು. 4ನೆಯ ದರ್ಜೆಯದನ್ನು ಹಾಕಿಕೊಂಡು ವಾಹನ ಓಡಿಸಬಾರದು. ಸನ್‌ಸ್ಕ್ರೀನನ್ನು ಗಲ್ಲದ ಕೆಳಗೆ ಮತ್ತು ಮೂಗಿನ ಹೊಳ್ಳೆಗಳ ಬಳಿಯೂ ಹಚ್ಚಬೇಕು.

ಬಾಡಿಗೆಯ ಲೆಕ್ಕವನ್ನು ಮಾತ್ರ ಕೂತು ಮಾಡಬೇಕು. ಸಾಮಗ್ರಿ ಅಂಗಡಿ ಬಿಟ್ಟ ದಿನದಿಂದ ಮರಳುವ ದಿನದವರೆಗೂ ದಿನಗೂಲಿಯಂತೆ ಎಣಿಕೆಯಾಗುವುದರಿಂದ, ಗೋವಾ ಎಕ್ಸ್‌ಪ್ರೆಸ್ಸಿನಲ್ಲಿ ದೆಹಲಿಗೆ, ಅಲ್ಲಿಂದ ಬಸ್ಸಿನಲ್ಲಿ ಕಸೋಲಿಗೆ ಹೋಗಿಬರುವ ದಿನಗಳಿಗೂ ತೆರಬೇಕಾಗುತ್ತದೆ. ಆದ್ದರಿಂದ ಪುಣೆಯಲ್ಲಿ ಪಡೆಯಬೇಕಾದದ್ದು ಮೊದಲೇ ಪಳಗಿಸಿಕೊಳ್ಳಬೇಕಾದ ಬೂಟು ಮತ್ತು ಪರೀಕ್ಷಿಸಿ ನೋಡಿದ ಗೇಟರ್, ಪೋಲ್‌ಗಳನ್ನು ಮಾತ್ರ. ಜಾಕೆಟ್ ಬೇಕೇಬೇಕೆನ್ನುವವರು ಕಸೋಲಿನಲ್ಲಿಯೇ ಬಾಡಿಗೆಗೆ ಪಡೆದರೆ ನಡೆದ ದಿನಗಳಿಗಷ್ಟೇ ಹಣ ಕೊಟ್ಟಂತಾಗುತ್ತದೆ. ಹಿಂದಿರುಗಿಸುವಾಗ ಒದ್ದೆ ಗೇಟರ್‌ಗೆ ಒಗೆಯುವ ಖರ್ಚನ್ನು ಹಿಡಿದುಕೊಳ್ಳುತ್ತಾರೆ; ಒಣಗಿಸಿ ಒಯ್ದರೆ ಠೇವಣಿ ಆ ಕ್ಷಣವೇ ಪೂರ್ತಿ ಕೈಗೆ ಬರುತ್ತದೆ. ಭಾನುವಾರ ಸಂಜೆ ಕೋಟೆಗಳಿಂದ ಮರಳಿದವರ ನೂಕುನುಗ್ಗಲಿರುವುದರಿಂದ ವಾರದ ನಡುವೆ ಹೋಗುವುದು ಮೇಲು.