ಚಿಕಿತ್ಸೆ ಸೂಪರ್, ಟಾಯ್ಲೆಟ್ ಬೀಗಕ್ಕೆ ಒಂದು ಸ್ಟಾರ್ ಕಟ್

ಮನೆ ಬಾಗ್ಲಿಗೆ ಕೀ ಹಾಕ್ತಿದ್ದ ಹಾಗೇ ಒಂದಕ್ಕೆ ತಡ್ಕೊಳ್ಳಕ್ಕಾಗ್ದೆ ಚಪ್ಪಲಿ ಸಮೇತ ಬಾತ್‌ರೂಮಿಗೆ ಓಡೋದು, ಎರಡು ವರ್ಷದಿಂದ ಇದೇ ನನ್ನ ಪಾಡು. ಯೂರಿನ್ ಟೆಸ್ಟ್, ಶುಗರ್ ಎಲ್ಲಾ ನಾರ್ಮಲ್, ಓವರ್‌ಆಕ್ಟಿವ್ ಬ್ಲಾಡರ್ ಅಂದ್ರು, ಅಂದ್ರೆ ತುಂಬೋ ಮುಂಚೇನೇ ಅರ್ಜೆಂಟ್ ಮಾಡೋ ಮೂತ್ರಚೀಲ. ಮಾತ್ರೆ ತಗೊಂಡ್ರೆ ಬಾಯಿ ಒಣಗಿ ಕ್ಲಾಸಲ್ಲಿ ಪಾಠ ಮಾಡಕ್ಕೇ ಆಗ್ತಿರ್ಲಿಲ್ಲ, ಕೊನೆಗೆ ಡಾಕ್ಟ್ರೇ ಈ ಫಿಸಿಯೋ ಕ್ಲಿನಿಕ್ಕಿಗೆ ಕಳ್ಸಿದ್ರು. ಮಂಡಿನೋವು ಬಿಟ್ಟು ಇದಕ್ಕೂ ಫಿಸಿಯೋ ಇದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ.

ಮೊದಲ್ನೇ ದಿನ ಎಕ್ಸರ್‌ಸೈಜೇ ಇಲ್ಲ. ಎಷ್ಟು ಕುಡಿದ್ರಿ, ಎಷ್ಟೊತ್ತಿಗೆ ಹೋದ್ರಿ, ಎಷ್ಟು ಎಂಎಲ್, ಮೂರು ದಿನ ಬರ್ಕೊಂಡು ಬನ್ನಿ ಅಂದ್ರು. ಅಳತೆ ಜಗ್ಗು ಬಾತ್‌ರೂಮಲ್ಲಿಟ್ಟಿದ್ದೆ, ನಮ್ಮನೆಯವ್ರು ಅದ್ರಲ್ಲಿ ಶೇವಿಂಗಿಗೆ ನೀರು ಹಿಡಿಯಕ್ಕೆ ಹೋಗಿದ್ರು, ಆ ಕಥೆ ಬಿಡಿ. ಲೆಕ್ಕ ನೋಡಿದ್ರೆ ದಿನಕ್ಕೆ 14 ಸಲ, ಎಷ್ಟೋ ಸಲ 100 ಎಂಎಲ್ಲೂ ಇಲ್ಲ! ಆರಾಮಾಗಿ 300-400 ಹಿಡಿಯೋ ಚೀಲ ಅದು. ಹೊರಡೋ ಮುಂಚೆ ಯಾವ್ದಕ್ಕೂ ಇರ್ಲಿ ಅಂತ ಹೋಗ್ಬರೋ ಚಟ, ಮೇಲೆ ನಾಲ್ಕು ಲೋಟ ಕಾಫಿ. ನೀರು ಕಮ್ಮಿ ಮಾಡಿದ್ದೂ ತಪ್ಪಂತೆ, ಮೂತ್ರ ಗಾಢವಾಗಿ ಇನ್ನೂ ಕೆಣಕತ್ತಂತೆ.

ಅರ್ಜೆಂಟಾದಾಗ ಓಡಬಾರ್ದು, ನಿಂತಲ್ಲೇ ಮೂತ್ರ ತಡೆಯೋ ಕೆಳಗಿನ ಸ್ನಾಯು ಐದಾರು ಸಲ ಪಟಪಟ ಬಿಗಿ ಮಾಡಿ ಬಿಡ್ಬೇಕು, ಆಗ ಬ್ಲಾಡರ್ ಸುಮ್ಮನಾಗತ್ತೆ. ನಾನು ಹೊಟ್ಟೆ, ತೊಡೆ, ಹುಬ್ಬು ಎಲ್ಲಾ ಬಿಗಿ ಹಿಡೀತಿದ್ದೆ, "ಆಂಟಿ, ಉಸಿರು ಬಿಡಿ, ಹುಬ್ಬಲ್ಲಿ ಬ್ಲಾಡರ್ ಇಲ್ಲ" ಅಂತ ಫಿಸಿಯೋ ಹುಡುಗಿ ನಗ್ಸಿಬಿಟ್ಲು. ಒಳಗೆ ಪರೀಕ್ಷೆ ಮಾಡೋ ಮುಂಚೆ ಎರಡೆರಡು ಸಲ ಒಪ್ಪಿಗೆ ಕೇಳಿದ್ಲು, ಅದು ತುಂಬಾ ಹಿಡಿಸ್ತು. ವಾರಕ್ಕೊಂದ್ಸಲ ಕಾಲ್ಗಿಣ್ಣಿನ ಒಳಪಕ್ಕ ಪ್ಯಾಡ್ ಅಂಟ್ಸಿ ಅರ್ಧ ಗಂಟೆ ಸಣ್ಣ ಕರೆಂಟು, 12 ಸಲ. ಕಾಲಿಗೂ ಇದಕ್ಕೂ ಏನ್ ಸಂಬಂಧ ಅಂದ್ರೆ, ಅಲ್ಲಿನ ನರ ಬೆನ್ನುಹುರಿಲಿ ಬ್ಲಾಡರ್ ನರ ಸೇರೋ ಜಾಗಕ್ಕೇ ಹೋಗತ್ತಂತೆ.

ಮೊದಲ ತಿಂಗಳು ಏನೂ ಗೊತ್ತಾಗ್ಲಿಲ್ಲ, ಸಿಟ್ಟಿಂಗಿಗೆ 600 ದಂಡ ಅನ್ನಿಸ್ತಿತ್ತು. ಮೂರನೇ ತಿಂಗಳಿಗೆ ದಿನಕ್ಕೆ 8 ಸಲ, ರಾತ್ರಿ ಒಂದೇ ಸಲ. ಮೊನ್ನೆ ಮೈಸೂರಿಂದ ಬೆಂಗಳೂರಿಗೆ ಬಸ್ಸಲ್ಲಿ ಧೈರ್ಯವಾಗಿ ಕಿಟಕಿ ಸೀಟಲ್ಲಿ ಕೂತೆ ಕಣ್ರೀ. ನಲ್ಲಿ ಸದ್ದು ಕೇಳಿದ್ರೆ ಮಾತ್ರ ಇನ್ನೂ ಗಾಬರಿ.

ಇನ್ನು ಆ ಒಂದು ಸ್ಟಾರ್. ಇಲ್ಲಿ ಟಾಯ್ಲೆಟ್ ಒಂದೇ, ಅದಕ್ಕೂ ಬೀಗ, ಕೀ ರಿಸೆಪ್ಶನ್ ಡ್ರಾಯರಲ್ಲಿ. ನಾನು ಕಾಲು ಹೆಣ್ಕೊಂಡು ನಿಂತಿದ್ರೆ ಆ ಹುಡುಗ ಫೋನಲ್ಲಿ ಮಾತಾಡ್ತಾ ಡ್ರಾಯರ್ ತಡಕಾಡ್ತಾನೆ. ಇಲ್ಲಿಗೆ ಬರೋರೇ ತಡ್ಕೊಳ್ಳಕ್ಕಾಗ್ದಿರೋರು ಸ್ವಾಮಿ, ಬೀಗ ತೆಗ್ದಿಡಿ.